ಒಂದೇ ಮಾಹಿತಿ, ಎರಡು ವರದಿ: ಸಹಕಾರ ಸಂಘದ ಕಂಪ್ಯೂಟರ್ ಮುಂದೆ ನನ್ನ ಅನುಭವ

ಡಯಲೆಕ್ಟಿಕ್ಸ್, ಅಂದರೆ ಒಂದು ವಾದದ ಎದುರು ಇನ್ನೊಂದನ್ನು ನಿಲ್ಲಿಸಿ ನೋಡುವ ದಾರಿ ಹಿಡಿದು, ಇನ್ಫರ್ಮೇಶನ್ ಸಿಸ್ಟಮ್ (ಸಂಸ್ಥೆಗಳ ಕಂಪ್ಯೂಟರ್ ಮಾಹಿತಿ ವ್ಯವಸ್ಥೆ) ಅಧ್ಯಯನ ಮಾಡ್ತೀನಿ ಅಂದಾಗ ಧಾರವಾಡದ ನಮ್ಮ ಗುಂಪಿನಲ್ಲಿ ನಕ್ಕವರೇ ಜಾಸ್ತಿ. ‘ಹೆಗೆಲ್, ಮಾರ್ಕ್ಸ್ ಎಲ್ಲಾ ಫಿಲಾಸಫಿಯವರಿಗೆ ಬಿಡು. ಪ್ರಶ್ನಾವಳಿ ಹಂಚು, ಎಸ್‌ಪಿಎಸ್‌ಎಸ್ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್‌ಗೆ ಹಾಕು, ಮುಗಿಸು’ ಅಂದರು. ಈಗ ಪ್ರಬಂಧ ಒಪ್ಪಿಗೆಯಾಗಿದೆ. ನಕ್ಕವರಲ್ಲೇ ಇಬ್ಬರು ನನ್ನ ಫೈಲ್ ಕೇಳಿ ಒಯ್ದಿದ್ದಾರೆ. ಹಾಗಾಗಿ ಸ್ವಲ್ಪ ಜಂಬ ಕೊಚ್ಚಿಕೊಂಡರೆ ತಪ್ಪಿಲ್ಲ, ಅಲ್ವಾ?

ಅವರ ಒತ್ತಾಯಕ್ಕೆ ಪ್ರಶ್ನಾವಳಿಯನ್ನೂ ಹಂಚಿದೆ. ಗದಗ ಜಿಲ್ಲೆಯ ಸಹಕಾರ ಸಂಘಗಳಲ್ಲಿ ಸುಮಾರು ಇನ್ನೂರು ಫಾರಂ. ಪ್ರಿಂಟು, ಬಸ್ಸು, ಡಾಟಾ ತುಂಬಿದ ಹುಡುಗನ ಕೂಲಿ, ವಿಶ್ಲೇಷಣೆ ಮಾಡಿಕೊಟ್ಟವರ ಫೀಸು ಎಲ್ಲಾ ಸೇರಿ ಮೂವತ್ತು ಸಾವಿರದ ಹತ್ತಿರ ಹೋಯಿತು. ಬಂದದ್ದೇನು? ಸಾಫ್ಟ್‌ವೇರ್ ಉಪಯೋಗವಿದೆಯೇ? ಐದಕ್ಕೆ ನಾಲ್ಕು. ಬಳಸಲು ಸುಲಭವೇ? ಅದಕ್ಕೂ ನಾಲ್ಕು. ಹಾಗೆ ನಾಲ್ಕು ಹಾಕಿದ ಗುಮಾಸ್ತರ ಮೇಜಿನ ಮೇಲೆ, ಕಂಪ್ಯೂಟರ್ ಪಕ್ಕದಲ್ಲೇ ಕೈಯಲ್ಲಿ ದಿನದ ಲೆಕ್ಕ ಬರೆಯುವ ವಹಿ, ರೋಜಕೀರ್ದಿ, ತೆರೆದುಕೊಂಡು ಬಿದ್ದಿತ್ತು.

1905ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘ ಶುರುವಾದ ಜಿಲ್ಲೆ ಇದು. ವಹಿ ಬರೆಯುವ ಕೈಗಳಿಗೆ ಇಲ್ಲಿ ಬರವಿಲ್ಲ. ಅದಕ್ಕೇ ಎಲ್ಲರೂ ಸುಲಭದ ಉತ್ತರ ಕೊಡುತ್ತಿದ್ದರು: ಹಳೇ ಜನ, ಕಂಪ್ಯೂಟರ್ ಅಂದ್ರೆ ಹೆದರಿಕೆ. ನಾನು ಪ್ರಶ್ನೆಯನ್ನೇ ತಿರುಗಿಸಿದೆ. ವಹಿ ಕಂಪ್ಯೂಟರನ್ನು ತಡೆಯುತ್ತಿದೆಯೋ, ಕಂಪ್ಯೂಟರೇ ವಹಿಯನ್ನು ಹುಟ್ಟಿಸುತ್ತಿದೆಯೋ?

ಒಂದೇ ಒಂದು ಸಂಘ ಹಿಡಿದು ಕೂತೆ. ಊರಿನ ಹೆಸರು ಬೇಡ. 2022ರ ಕೇಂದ್ರ ಯೋಜನೆ, ಅಂದರೆ 63,000 ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರಿಗೆ ತರುವ ಯೋಜನೆ, ಬರುವ ಮೊದಲೇ ಇವರು ಸ್ವಂತ ಖರ್ಚಿನಲ್ಲಿ ಸಾಫ್ಟ್‌ವೇರ್ ಹಾಕಿಸಿದ್ದರು. ಸಾಲದ ಗಡುವು ದಾಟಿದ ಸದಸ್ಯನ ಹೆಸರು ಅದರಲ್ಲಿ ಕೆಂಪಾಗಿ ‘ಸುಸ್ತಿ’ ಅಂತ ಬರುತ್ತಿತ್ತು. ಕಾರ್ಯದರ್ಶಿ ಆ ಪಟ್ಟಿ ಪ್ರಿಂಟ್ ತೆಗೆದು, ತಮ್ಮ ಕಚ್ಚಾ ವಹಿಗೆ ಅಂಟಿಸಿ, ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಿದ್ದರು: ‘ಹೆಸರುಕಾಳು ಮಾರಿ ಕೊಡ್ತಾನ’, ‘ಮದುವಿ ಮುಗೀಲಿ’, ‘ಕೇಳಬ್ಯಾಡ’. ಆ ವಹಿ ನನ್ನ ಕೈಗೆ ಹೇಗೆ ಬಂತು ಅನ್ನೋದನ್ನ ಮಾತ್ರ ಇಲ್ಲಿ ಹೇಳಲ್ಲ. ಚಹಾ, ಮಿರ್ಚಿಗೇ ಒಂದೆರಡು ಸಾವಿರ ಖರ್ಚಾಯಿತು ಅಂತಷ್ಟೇ ಹೇಳ್ತೀನಿ.

ಸಾಫ್ಟ್‌ವೇರ್ ಬರುವ ಮೊದಲಿನ ವಹಿಗಳಲ್ಲಿ ಇಂಥ ಪೆನ್ಸಿಲ್ ಬರಹ ತೀರಾ ಕಮ್ಮಿ. ಆಗ ಮುಖ್ಯ ಖತಾವಣಿಯಲ್ಲೇ (ಲೆಡ್ಜರ್) ಸ್ವಲ್ಪ ಆಚೀಚೆ ಬರೆಯೋಕೆ ಜಾಗವಿತ್ತು. ಕಂಪ್ಯೂಟರ್ ಕೇಳಿದ್ದು ಸಾಲ ಕಟ್ಟಿದ್ದಾನೆ ಇಲ್ಲವೇ ಬಾಕಿ, ಎರಡೇ. ನಡುವಿನದೆಲ್ಲಾ ಪೆನ್ಸಿಲ್‌ಗೆ ಓಡಿತು. ಆ ಪೆನ್ಸಿಲ್ಲಿಗೂ ಕಂಪ್ಯೂಟರಿನ ಪ್ರಿಂಟೇ ಬೇಕು! ಒಂದಿಲ್ಲದೆ ಇನ್ನೊಂದು ನಿಲ್ಲದು.

ಆಮೇಲೆ ಮೇಸನ್ ದಾರಿ ಹಿಡಿದೆ. ನಿರ್ವಹಣಾ ವಿದ್ವಾಂಸ ರಿಚರ್ಡ್ ಮೇಸನ್ 1969ರಲ್ಲಿ ಕಂಪನಿಗಳ ಯೋಜನೆಗೆ ಹೇಳಿದ್ದು ಇಷ್ಟು: ಒಂದೇ ಮಾಹಿತಿಯಿಂದ ಎರಡು ಎದುರುಬದುರು ಯೋಜನೆ ಕಟ್ಟಿ ಜಗಳಕ್ಕೆ ಬಿಡು. ಅದೇ ಪ್ರಿಂಟು, ಅದೇ ವಹಿಯಿಂದ ನಾನು ಎರಡು ವರದಿ ಬರೆದೆ. ‘ಕಂಪ್ಯೂಟರ್ ಸಂಘವನ್ನು ಉಳಿಸಿತು’ ಅನ್ನೋದು ಒಂದು. ‘ಕಂಪ್ಯೂಟರ್ ಸಂಘಕ್ಕೆ ಸುಳ್ಳು ಹೇಳುತ್ತಿದೆ’ ಅನ್ನೋದು ಇನ್ನೊಂದು. ಕಂಪ್ಯೂಟರ್ ಬೇಕೆನ್ನುತ್ತಿದ್ದ ನಿರ್ದೇಶಕರಿಗೆ ಎರಡನೆಯದು, ಬೇಡವೆನ್ನುತ್ತಿದ್ದ ಸಿಬ್ಬಂದಿಗೆ ಮೊದಲನೆಯದು ಓದಿ ಹೇಳಿದೆ. ಒಂದೇ ಷರತ್ತು: ಹೊಸ ಸಂಗತಿ ತರುವಂತಿಲ್ಲ, ಇದ್ದದ್ದರಲ್ಲೇ ವಾದಿಸಬೇಕು.

ಜೋರು ಗದ್ದಲವಾಯಿತು. ಆದರೆ ಇಬ್ಬರೂ ಒಂದೇ ಗೂಟಕ್ಕೆ ಕಟ್ಟಿಕೊಂಡಿದ್ದರು. ಗಡುವು ಅಂದರೆ ತಾರೀಖು ಅಂತ ಎರಡೂ ಕಡೆ ಒಪ್ಪಿಬಿಟ್ಟಿದ್ದರು. ಗಡುವು ತಪ್ಪಿದರೆ ಶೂನ್ಯ ಬಡ್ಡಿ ಸಾಲದ ಸವಲತ್ತು ಕೈತಪ್ಪುತ್ತದೆ, ನಿಜ. ರೈತನಿಗೆ ಮಾತ್ರ ಗಡುವು ಅಂದರೆ ಮಾಲು ಮಾರಿದ ದಿನ. ಫಾರಂನ ನಾಲ್ಕು ಅಂಕದಲ್ಲಿ ಇದು ಎಲ್ಲಿ ಸಿಗಬೇಕು?

ಇಲ್ಲಿಗೆ ಸಮನ್ವಯವಾಯಿತು ಅಂತ ಬರೆದು ಮುಗಿಸಿಬಿಡಬಹುದಿತ್ತು. ಪೆನ್ಸಿಲ್ ಮಾತು ಕಂಪ್ಯೂಟರಿನಲ್ಲೇ ಬರೆಯೋಕೆ ಸಂಘದವರು ಸಾಫ್ಟ್‌ವೇರ್‌ನವರಿಂದ ‘ಷರಾ’ (ಟಿಪ್ಪಣಿ) ಅಂತ ಒಂದು ಕಾಲಂ ಹಾಕಿಸಿದರು. ಅದಕ್ಕೆ ಎಂಟೋ ಹತ್ತೋ ಸಾವಿರ ಕೊಟ್ಟ ನೆನಪು. ಮೊದಮೊದಲು ತುಂಬಿದರು. ಆಡಿಟ್‌ನವರಿಗೂ ಆ ಕಾಲಂ ಕಾಣುತ್ತೆ ಅಂತ ಗೊತ್ತಾದ ಮೇಲೆ ಎಲ್ಲರ ಮುಂದೆಯೂ ‘ಸೂಚಿಸಲಾಗಿದೆ’ ಅಂತ ಒಂದೇ ಮಾತು. ಪೆನ್ಸಿಲ್ ಇನ್ನೊಂದು ನೋಟ್‌ಬುಕ್‌ಗೆ ಹೋಯಿತು. ಪರೀಕ್ಷಕರು ಹೆಚ್ಚು ಮೆಚ್ಚಿದ್ದು ಈ ಅಧ್ಯಾಯವನ್ನೇ.

ಇದೇ ದಾರಿ ಬೇರೆ ಕಡೆಯೂ ನಡೆಯುತ್ತಾ ಅಂತ ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ದುಡ್ಡಿಲ್ಲ, ಆದರೆ ಶೂನ್ಯ ಟಿಕೆಟ್ ಹರಿಯಲೇಬೇಕು. ಗದಗದಿಂದ ಹುಬ್ಬಳ್ಳಿಗೆ ಬರುವಾಗೆಲ್ಲ ಕಂಡಕ್ಟರ್ ಕೈಯ ಮಿಷನ್ನನ್ನೇ ನೋಡುತ್ತಾ ಕೂರುತ್ತಿದ್ದೆ. ದುಡ್ಡು ಬರುವುದಿಲ್ಲ, ಆದರೂ ಆ ಚೀಟಿಯ ಲೆಕ್ಕದ ಮೇಲೇ ಸರ್ಕಾರದಿಂದ ಹಣ ಬರಬೇಕು. ಒಳ್ಳೆ ದ್ವಂದ್ವ. ಆದರೆ ಎದುರು ವರದಿ ಓದಿಸಿ ಜಗಳ ಹಚ್ಚೋಕೆ ಬಸ್ಸಿನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಬಿಟ್ಟೆ. ಸಂದರ್ಶನಗಳಲ್ಲಿ ಬಂದ ವಿರೋಧಗಳನ್ನು ಎಕ್ಸೆಲ್‌ನಲ್ಲಿ ಎಣಿಸುವ ಪ್ರಯತ್ನವೂ ನೆಲಕಚ್ಚಿತು. ಎಣಿಸಿದ ಕೂಡಲೇ ಯಾವುದು ಯಾವುದಕ್ಕೆ ಎದುರು ಅನ್ನೋದೇ ಕಳೆದುಹೋಗುತ್ತದೆ.

ನನ್ನ ಹಾಗೆ ಎದುರು ವರದಿ ಪ್ರಯೋಗ ಮಾಡುವವರು ಎರಡೂ ವರದಿಯನ್ನು ಒಂದೇ ಅಕ್ಷರ, ಒಂದೇ ಪುಟ ಲೆಕ್ಕದಲ್ಲಿ ತೆಗೆಯಿರಿ. ನಮ್ಮಲ್ಲಿ ದಪ್ಪ ಫೈಲನ್ನೇ ನಂಬುವ ರೂಢಿ. ಓದಿ ಹೇಳುವ ಮುಂಚೆ ಪ್ರತಿ ಕೈಗೆ ಕೊಡಬೇಡಿ, ಕೊಟ್ಟರೆ ಕೊನೇ ಪುಟ ನೋಡಿ ಎದ್ದು ಹೋಗ್ತಾರೆ. ಜೆರಾಕ್ಸ್‌ಗೆ ಇನ್ನೂರು ರೂಪಾಯಿ ಸಾಕು.