ಡೌನ್ ಲೆಕ್ಕ ಬರೆಯುತ್ತಾ ನಾನು ನೋಡಿದ ಜಾರ್ಜಿಯಾ–ಅಲಬಾಮಾ ಫೈನಲ್

ಅಟ್ಲಾಂಟಾಗೆ ಬಂದು ಎರಡು ವರ್ಷವಾದರೂ ಅಮೆರಿಕನ್ ಫುಟ್‌ಬಾಲ್ ನನ್ನ ತಲೆಗೆ ಹತ್ತಿರಲಿಲ್ಲ. ನಾಲ್ಕೈದು ಸೆಕೆಂಡ್ ನುಗ್ಗಾಟ, ಆಮೇಲೆ ಎಲ್ಲರೂ ನಿಂತುಬಿಡುತ್ತಾರೆ. ಪಕ್ಕದ ಮನೆಯ ಹಿರಿಯರು ಮಾತ್ರ ಶನಿವಾರ ಬಂತೆಂದರೆ ಜಾರ್ಜಿಯಾ ವಿಶ್ವವಿದ್ಯಾಲಯದ ಕೆಂಪು ಅಂಗಿ ತೊಟ್ಟು ನನ್ನನ್ನೂ ಕರೆಯುತ್ತಿದ್ದರು. ಅಷ್ಟು ಪ್ರೀತಿಯಿಂದ ಕರೆದಾಗ ಸುಮ್ನೆ ಕೂತು ಬರುವುದು ಸರಿ ಅನ್ನಿಸಲಿಲ್ಲ.

ಊರಲ್ಲಿ ಕ್ರಿಕೆಟ್ ಟೂರ್ನಮೆಂಟ್‌ಗಳಿಗೆ ಸ್ಕೋರ್ ಬರೆದ ಕೈ ನನ್ನದು. ಇದನ್ನೂ ಹಾಗೇ ಬರೆದು ನೋಡೋಣ ಅಂತ ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿದೆ: ಎಷ್ಟನೇ ಡೌನ್ (ಅಂದರೆ ಮುಂದೆ ಹೋಗುವ ಒಂದು ಪ್ರಯತ್ನ), ಎಷ್ಟು ಯಾರ್ಡ್ ಬೇಕು, ಓಟವೋ ಪಾಸೋ (ಚೆಂಡು ಎಸೆಯುವುದು), ಎಷ್ಟು ಸಿಕ್ಕಿತು. ನಾಲ್ಕು ಡೌನ್‌ಗಳಲ್ಲಿ 10 ಯಾರ್ಡ್ ದಾಟಿದರೆ ಮತ್ತೆ ನಾಲ್ಕು ಸಿಗುತ್ತವೆ. ದಾಟದಿದ್ದರೆ ಚೆಂಡು ಎದುರಾಳಿಗೆ. ಅದಕ್ಕೇ ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ಒದ್ದುಬಿಡುತ್ತಾರೆ. ಹೀಗೆ ಬರೆಯಲು ಶುರು ಮಾಡಿದ ಮೇಲೆ ಆ ನಿಲುಗಡೆಗಳೇ ನನಗೆ ಇಷ್ಟವಾದವು. ಮೂರನೇ ಡೌನ್, 2 ಯಾರ್ಡ್ ಬೇಕು ಅಂದರೆ ಓಟ ಬರಬಹುದು. 9 ಬೇಕಾದರೆ ಹೆಚ್ಚಾಗಿ ಪಾಸೇ. ಕೊನೆಯ ಓವರ್‌ಗಳಲ್ಲಿ ಎಷ್ಟು ರನ್ ಬೇಕು ಅಂತ ನೋಡಿ ಬ್ಯಾಟರ್ ಏನು ಮಾಡ್ತಾನೆ ಎಂದು ಊಹಿಸುತ್ತೇವಲ್ಲ, ಅದೇ ಥರ.

2018ರ ಜನವರಿ 8ರಂದು ಕಾಲೇಜು ಫುಟ್‌ಬಾಲ್‌ನ ರಾಷ್ಟ್ರೀಯ ಫೈನಲ್ ನಮ್ಮ ಅಟ್ಲಾಂಟಾದಲ್ಲೇ, ಹೊಸ ಮರ್ಸಿಡಿಸ್-ಬೆಂಜ್ ಸ್ಟೇಡಿಯಂನಲ್ಲಿ ನಡೆಯಿತು. ಜಾರ್ಜಿಯಾ, ಅಲಬಾಮಾ ಅಕ್ಕಪಕ್ಕದ ರಾಜ್ಯಗಳು, ಎರಡೂ ಎಸ್‌ಇಸಿ (ಆಗ್ನೇಯ ಭಾಗದ ಕಾಲೇಜು ತಂಡಗಳ ಲೀಗ್) ತಂಡಗಳು. ಜಾರ್ಜಿಯಾ ಕೋಚ್ ಕರ್ಬಿ ಸ್ಮಾರ್ಟ್, ಅಲಬಾಮಾದ ಆಗಿನ ಕೋಚ್ ನಿಕ್ ಸೇಬನ್ ಕೈಕೆಳಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅದಕ್ಕೆ ಮುಂಚೆ ಜಾರ್ಜಿಯಾ ಕೊನೆಯ ಸಲ ಚಾಂಪಿಯನ್ ಆಗಿದ್ದು 1980ರಲ್ಲಿ. ಆ ವರ್ಷವನ್ನು ನಮ್ಮ ಹಿರಿಯರು ಮನೆಮಗನ ಹುಟ್ಟಿದ ವರ್ಷದಂತೆ ಹೇಳುತ್ತಿದ್ದರು.

ಅರ್ಧ ಆಟಕ್ಕೆ ಜಾರ್ಜಿಯಾ 13–0. ಆಗ ಸೇಬನ್ ಕ್ವಾರ್ಟರ್‌ಬ್ಯಾಕನ್ನೇ (ಪಾಸ್ ಎಸೆದು ಆಟ ನಡೆಸುವವನನ್ನೇ) ಬದಲಾಯಿಸಿದರು. ಜೇಲನ್ ಹರ್ಟ್ಸ್ ಬದಲು ಮೊದಲ ವರ್ಷದ ಹುಡುಗ ಟುವಾ ಟಾಗೊವೈಲೋವಾ. ನನ್ನ ಪುಟದಲ್ಲೇ ಅದು ಕಾಣುತ್ತದೆ. ಮೊದಲರ್ಧದ ಅಲಬಾಮಾ ಸಾಲುಗಳಲ್ಲಿ ಪಾಸಿನ 'ಪಾ' ಅಲ್ಲೊಂದು ಇಲ್ಲೊಂದು, ಎರಡನೇ ಅರ್ಧದಲ್ಲಿ ಸಾಲುಸಾಲು. 20–20 ಆಯಿತು. ಕೊನೆಯ ಒದೆತದಲ್ಲಿ ಅಲಬಾಮಾದ 36 ಯಾರ್ಡ್‌ನ ಫೀಲ್ಡ್ ಗೋಲ್ (ಕಂಬಗಳ ನಡುವೆ ಒದ್ದರೆ 3 ಅಂಕ) ಗುರಿ ತಪ್ಪಿತು. ನಮ್ಮ ಹಿರಿಯರಿಗೆ ಜೀವ ಬಂದ ಹಾಗಾಯಿತು.

ಓವರ್‌ಟೈಮ್‌ನಲ್ಲಿ ಇಬ್ಬರೂ ಎದುರಾಳಿಯ 25 ಯಾರ್ಡ್ ಗೆರೆಯಿಂದ ಶುರು ಮಾಡಬೇಕು. ಜಾರ್ಜಿಯಾ 51 ಯಾರ್ಡ್ ದೂರದಿಂದ ಒದ್ದು 3 ಅಂಕ ಗಳಿಸಿತು. ಅಲಬಾಮಾದ ಮೊದಲ ಡೌನ್‌ನಲ್ಲೇ ಟುವಾ ಸಿಕ್ಕಿಬಿದ್ದು 16 ಯಾರ್ಡ್ ಹಿಂದೆ ಹೋದ. ನಾನು '2 – 26' ಅಂತ ಬರೆದೆ. ಅಲ್ಲಿಯವರೆಗೆ ಆ ಕಾಲಂನಲ್ಲಿ ಅಷ್ಟು ದೊಡ್ಡ ಸಂಖ್ಯೆ ನಾನು ಬರೆದೇ ಇರಲಿಲ್ಲ. ಹಿರಿಯರು ನೋಟ್‌ಬುಕ್‌ನತ್ತ ಬಗ್ಗಿ ನೋಡಿ, ನನ್ನ ಭುಜ ಹಿಡಿದು ಎದ್ದು ನಿಂತರು. ಮರುಕ್ಷಣ ಎಡಬದಿಯಲ್ಲಿ ಡಿವಾಂಟಾ ಸ್ಮಿತ್ ಕೈಗೆ ಪಾಸ್. 41 ಯಾರ್ಡ್, ಟಚ್‌ಡೌನ್ (ಕೊನೆಯ ಗೆರೆ ದಾಟಿಸಿದ್ದಕ್ಕೆ 6 ಅಂಕ). 26–23. ಭುಜದ ಮೇಲಿನ ಕೈ ತುಂಬ ಹೊತ್ತು ಹಾಗೇ ಇತ್ತು. ಕೊನೆಯ ಕಾಲಂ ಅಂದು ನಾನು ತುಂಬಲಿಲ್ಲ.

2022ರ ಜನವರಿ 10ರಂದು ಇಂಡಿಯಾನಾಪೊಲಿಸ್‌ನಲ್ಲಿ ಮತ್ತೆ ಅವೇ ಎರಡು ತಂಡ. ನಾನು ಅದೇ ನೋಟ್‌ಬುಕ್ ಒಯ್ದಿದ್ದೆ. ಕೊನೆಯಲ್ಲಿ ಜಾರ್ಜಿಯಾದ ಕೀಲಿ ರಿಂಗೊ ಅಲಬಾಮಾದ ಪಾಸ್ ಹಿಡಿದು 79 ಯಾರ್ಡ್ ಓಡಿದ. ಜಾರ್ಜಿಯಾ 33–18. ಹಿರಿಯರು ಅಳುತ್ತಲೇ ಪೆನ್ ಕೇಳಿದರು. '79' ಅಂತ ಅವರೇ ಬರೆದರು.