ಬ್ಯಾಂಗ್ ಬ್ಯಾಂಗ್ ಕ್ಲಬ್ ಸಿನಿಮಾವನ್ನು ಮಗಳ ಜೊತೆ ನೋಡಿದ್ದು ಹೀಗೆ

ಮಗಳಿಗೆ 16. ಕ್ಯಾಮೆರಾ ಹುಚ್ಚು. ದಕ್ಷಿಣ ಆಫ್ರಿಕಾದ ನಾಲ್ವರು ಪತ್ರಿಕಾ ಫೋಟೋಗ್ರಾಫರ್‌ಗಳ ಬಗ್ಗೆ 2010ರಲ್ಲಿ ಬಂದ ಈ ಸಿನಿಮಾ ನೋಡಲೇಬೇಕು ಅಂತ ಹಟ ಹಿಡಿದಳು. ಬೇಡ ಅಂದರೆ ಫೋನಿನಲ್ಲಿ ಒಬ್ಬಳೇ ನೋಡುತ್ತಾಳೆ, ಅಷ್ಟೇ. ಅದಕ್ಕೇ ಮೊದಲು ನಾನು ಕೂತು ನೋಡಿದೆ. ಕಸಿವಿಸಿಯಾಗುವ ಸೀನ್ ಬಂದಾಗೆಲ್ಲ ಎಷ್ಟನೇ ನಿಮಿಷ ಅಂತ ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡೆ.

ಬೈಗುಳ ಧಾರಾಳವಾಗಿದೆ. ಅದನ್ನು ಲೆಕ್ಕಕ್ಕೇ ಇಡಲಿಲ್ಲ, ಆ ವಯಸ್ಸಿಗೆ ಅದೇನು ಹೊಸದಲ್ಲ ಅಲ್ವಾ? ಹಾಸಿಗೆ ಸೀನ್‌ಗಳನ್ನು ನೋಡದೆ ಮುಂದಕ್ಕೆ ಓಡಿಸಿದರೂ ಕಥೆಗೆ ಏನೂ ಕಡಿಮೆಯಾಗುವುದಿಲ್ಲ. ಡ್ರಗ್ಸ್ ವಿಷಯ ಮಾತ್ರ ಹಾಗಲ್ಲ. ಆ ನಾಲ್ವರಲ್ಲಿ ಒಬ್ಬನಾದ ಕೆವಿನ್ ಕಾರ್ಟರ್ ಮ್ಯಾಂಡ್ರಾಕ್ಸ್ ಅನ್ನುವ ಮತ್ತಿನ ಮಾತ್ರೆ ಪುಡಿಮಾಡಿ ಗಾಂಜಾ ಜೊತೆ ಸೇದುತ್ತಿದ್ದ. ಅಲ್ಲಿ ಅದಕ್ಕೆ ವೈಟ್ ಪೈಪ್ ಅನ್ನುತ್ತಾರೆ. ಅವನು ಹೇಗೆ ಕುಸಿಯುತ್ತಾ ಹೋದ ಅಂತ ತಿಳಿಯಬೇಕಾದರೆ ಅದನ್ನು ನೋಡಲೇಬೇಕು.

ಯೋಚನೆಗೆ ಬಿದ್ದಿದ್ದು ಜೋಹಾನ್ಸ್‌ಬರ್ಗ್ ಬಳಿಯ ಸೊವೆಟೊದ ಸೀನ್‌ಗೆ. 1990ರ ಸೆಪ್ಟೆಂಬರ್‌ನಲ್ಲಿ ನಿಜಕ್ಕೂ ನಡೆದದ್ದು ಅದು. ಎದುರಾಳಿ ಪಕ್ಷ ಇಂಕಾಥಾ ಕಡೆಯ ಗೂಢಚಾರ ಅಂತ ಅನುಮಾನಿಸಿ, ಮಂಡೇಲಾ ಪಕ್ಷ ಎಎನ್‌ಸಿಯ ಬೆಂಬಲಿಗರು ಒಬ್ಬನನ್ನು ಇರಿದು, ಬೆಂಕಿ ಹಚ್ಚುತ್ತಾರೆ. ಉರಿಯುತ್ತಾ ಓಡುವವನ ತಲೆಗೆ ಇನ್ನೊಬ್ಬ ಮಚ್ಚು ಬೀಸುತ್ತಾನೆ. ನಾಲ್ವರಲ್ಲಿ ಇನ್ನೊಬ್ಬನಾದ ಗ್ರೆಗ್ ಮರಿನೊವಿಚ್ ಕ್ಲಿಕ್ ಮಾಡುತ್ತಲೇ ಇರುತ್ತಾನೆ. ಆ ಫೋಟೋಗಳಿಗೇ 1991ರಲ್ಲಿ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು. ಹೊಡೆದಾಟದ ಸಿನಿಮಾಗಳಲ್ಲಿ ಇದಕ್ಕಿಂತ ಜಾಸ್ತಿ ರಕ್ತ ಮಕ್ಕಳು ನೋಡಿರುತ್ತಾರೆ. ಇಲ್ಲಿ ಹೊಟ್ಟೆ ತೊಳಸುವುದು ರಕ್ತಕ್ಕಲ್ಲ, ಪಕ್ಕದಲ್ಲೇ ಒಬ್ಬ ಫೋಟೋ ತೆಗೆಯುತ್ತಾ ನಿಂತಿದ್ದಾನಲ್ಲ, ಅದಕ್ಕೆ.

ಹಾಗಾಗಿ ಈ ಸೀನ್ ಓಡಿಸಲಿಲ್ಲ. ಬರುವ ಮುಂಚೆ ನಿಲ್ಲಿಸಿ, ಏನಾಗುತ್ತದೆ ಅಂತ ಪೂರ್ತಿ ಹೇಳಿದೆ. ಸಾಕೆನಿಸಿದರೆ ರಿಮೋಟ್ ನಿನ್ನ ಕೈಲೇ ಇರಲಿ ಅಂದೆ. ಅವಳು ನಿಲ್ಲಿಸಲಿಲ್ಲ. ಮುಗಿದ ಮೇಲೆ, “ಅಮ್ಮ, ತಡೆಯಬಹುದಿತ್ತಲ್ಲ?” ಅಂದಳು. ಹೊಡೆಯುವುದು ನಿಲ್ಲಿಸಿದರೆ ಫೋಟೋ ನಿಲ್ಲಿಸುತ್ತೇನೆ ಅಂತ ಆತ ಗುಂಪಿಗೆ ಹೇಳಿದ್ದನಂತೆ ಅಂದೆ. ಅವಳಿಗೆ ಸಮಾಧಾನವಾಗಲಿಲ್ಲ. ನನಗೂ ಪೂರ್ತಿ ಆಗಿಲ್ಲ.

ರಣಹದ್ದು ಮತ್ತು ಮಗುವಿನ ಫೋಟೋ ಅವಳು ಮೊದಲೇ ನೋಡಿದ್ದಳು. ಕಾರ್ಟರ್ 1993ರಲ್ಲಿ ಸುಡಾನ್‌ನಲ್ಲಿ ತೆಗೆದದ್ದು. ಹದ್ದು ಆ ಮಗುವನ್ನು ತಿಂದೇಬಿಟ್ಟಿತು ಅಂತ ಅವಳು ನಂಬಿಕೊಂಡಿದ್ದಳು. ಮಗು ಆಗ ಬದುಕುಳಿದಿತ್ತು, 2011ರಲ್ಲಿ ಅದರ ತಂದೆಯೇ ಪತ್ರಕರ್ತರಿಗೆ ಹೇಳಿದ್ದಾರೆ ಅಂತ ತಿಳಿಸಿದೆ.

ಸಾವುಗಳನ್ನು ಮಾತ್ರ ಗುಟ್ಟಾಗಿಡಲಿಲ್ಲ. ಅದೇ ನಾಲ್ವರಲ್ಲಿ ಒಬ್ಬನಾದ ಕೆನ್ ಊಸ್ಟರ್‌ಬ್ರೂಕ್ 1994ರ ಏಪ್ರಿಲ್ 18ರಂದು ಥೊಕೊಜಾದಲ್ಲಿ ಗುಂಡೇಟಿಗೆ ಸತ್ತ. ಎಲ್ಲರೂ ಓಟು ಹಾಕುವ ಮೊದಲ ಚುನಾವಣೆಗೆ ಇನ್ನೇನು ಕೆಲವೇ ದಿನ ಇತ್ತು. ಕಾರ್ಟರ್‌ಗೆ ಆ ವರ್ಷವೇ ಪುಲಿಟ್ಜರ್ ಬಂತು, ಜುಲೈನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಇದನ್ನೆಲ್ಲ ಸಿನಿಮಾ ಹಾಕುವ ಮುಂಚೆಯೇ ಹೇಳಿಬಿಟ್ಟಿದ್ದೆ. ಸಸ್ಪೆನ್ಸ್ ಹಾಳಾಯ್ತು ಅಂತ ಗೊಣಗಿದಳು, ಗೊಣಗಲಿ. ಆತ್ಮಹತ್ಯೆ ತೆರೆಯ ಮೇಲೆ ದಿಢೀರಂತ ಎದುರಾಗುವುದು ಬೇಡ ಅನ್ನುವುದು ನನ್ನ ಹಟ. ಮನಸ್ಸು ಮೊದಲೇ ಕುಗ್ಗಿರುವ ಮಕ್ಕಳಿಗಂತೂ ಈ ಸಿನಿಮಾ ಸದ್ಯಕ್ಕೆ ಬೇಡವೇ ಬೇಡ.

ಚಿಕ್ಕವನಿಗೆ 12. ಅಕ್ಕ ನೋಡಿದಳು, ನಾನೂ ನೋಡುತ್ತೇನೆ ಅಂತ ಸುಮ್ನೆ ಪೀಡಿಸುತ್ತಿದ್ದಾನೆ. ಅವನಿಗೆ ಇಲ್ಲ ಅಂದಿದ್ದೇನೆ.