ಇಳಕಲ್ ಸೀರೆ ತಗೊಳ್ಳೋ ಮುಂಚೆ ಸೆರಗಿನ ಕೊಂಡಿ ನೋಡಿ

ಹಬ್ಬಕ್ಕೆ ಇಳಕಲ್ ಸೀರೆ ತಗೋಬೇಕು ಅಂತಿರೋರು ಬಣ್ಣ, ದಡಿ ನೋಡೋಕೆ ಮುಂಚೆ ಮೈ ಮುಗಿದು ಸೆರಗು ಶುರುವಾಗೋ ಜಾಗ ತಿರುಗಿಸಿ ನೋಡಿ. ಅಸಲಿ ಕೈಮಗ್ಗದ್ದಾದ್ರೆ ಮೈಯಿನ ಹಾಸಿನ (ಉದ್ದಕ್ಕೆ ಹೋಗೋ) ಎಳೆಗೂ ಸೆರಗಿನ ಹಾಸಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿರ್ತಾರೆ, ಆ ಸಾಲು ಬೆರಳಿಗೆ ಸಣ್ಣಗೆ ಸಿಗುತ್ತೆ, ಟೋಪ್ ತೆನಿ ಅನ್ನೋ ಇಳಕಲ್‌ನ ಸಾಂಪ್ರದಾಯಿಕ ಕೆಂಪು ಬಿಳಿ ಸೆರಗನ್ನ ಬರೀ ಪ್ರಿಂಟ್ ಹೊಡೆದಿದ್ರೆ ಅದೆಲ್ಲಿಂದ ಬರಬೇಕು.

ಇನ್ನೊಂದು, ಅಂಗಡಿಯಲ್ಲಿ ಚಮಕಾ ಅಂದ್ರೆ ಅದು ರೇಷ್ಮೆ ಅಲ್ಲ, ಆರ್ಟ್ ಸಿಲ್ಕ್, ಅಂದ್ರೆ ರೇಯಾನ್. ಡೌಟ್ ಇದ್ರೆ ಸೆರಗಿನ ತುದಿಯ ಒಂದೆಳೆ ಕೇಳಿ ತಗೊಂಡು ಸುಟ್ಟು ನೋಡಿ: ರೇಷ್ಮೆ ಆದ್ರೆ ಕೂದಲು ಸುಟ್ಟ ವಾಸನೆ ಬರುತ್ತೆ, ರೇಯಾನ್ ಮತ್ತು ಹತ್ತಿ ಕಾಗದದ ಥರ ಉರಿಯುತ್ತೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ. ಚಮಕಾ ಕೆಟ್ಟದ್ದೇನಲ್ಲ, ದಿನಾ ಉಡೋಕೆ ಚೆನ್ನಾಗೇ ಇರುತ್ತೆ, ಆದ್ರೆ ರೇಷ್ಮೆ ರೇಟ್ ಕೊಡಬೇಡಿ ಅಷ್ಟೆ.

ಬಣ್ಣ ಬಿಡುತ್ತಾ ನೋಡೋಕೆ ಒದ್ದೆ ಬಿಳಿ ಬಟ್ಟೆನ ಒಳಬದಿ ಕೆಂಪು ಭಾಗದಲ್ಲಿ ಉಜ್ಜಿ. ಮನೇಲಿ ಉಪ್ಪುನೀರಲ್ಲಿ ನೆನೆಸಿದ್ರೆ ಬಣ್ಣ ನಿಲ್ಲುತ್ತೆ ಅನ್ನೋದನ್ನ ನಂಬ್ಕೊಂಡು ಕೂರಬೇಡಿ, ಉಪ್ಪಿನ ಕೆಲಸ ಇರೋದು ಬಣ್ಣ ಹಾಕೋ ಹಂಡೆಯಲ್ಲಿ. ಮೊದಲ ಸಲ ತಣ್ಣೀರಲ್ಲಿ ಬೇರೆ ಒಗೆದು ನೆರಳಲ್ಲಿ ಒಣಗಿಸಿ.